ಹೊರಪೊರೆಯಲ್ಲಿ ಮುಚ್ಚಿದ ಬಾಗಿಲು

ಆ ಎರಡನೇ ಪ್ಲೇಟನ್ನು ನಾನು ನಂಬಲಿಲ್ಲ. ಇನ್‌ಕ್ಯುಬೇಟರಿನಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ ಕೂಡಲೇ ಇದರಲ್ಲಿ ಏನೋ ಮೋಸವಿದೆ ಎಂದು ಮನಸ್ಸು ಹೇಳಿತು. ಮೋಸ ಮಾಡಿದ್ದು ಯಾರು ಎನ್ನುವುದು ಮಾತ್ರ ಗೊತ್ತಾಗಬೇಕಿತ್ತು.

ನಾನು ತುಮಕೂರಿನ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಮೈಕ್ರೋಬಯಾಲಜಿಸ್ಟ್. ರೋಗಿಯ ಮೂತ್ರದಲ್ಲೋ ರಕ್ತದಲ್ಲೋ ಯಾವ ಬ್ಯಾಕ್ಟೀರಿಯಾ ಸೇರಿಕೊಂಡಿದೆ, ಅದು ಯಾವ ಔಷಧಿಗೆ ಸಾಯುತ್ತದೆ ಎಂದು ಪತ್ತೆ ಮಾಡಿ ಡಾಕ್ಟರಿಗೆ ಹೇಳುವುದು ನನ್ನ ಕೆಲಸ. ಈ ಕೆಲಸಕ್ಕೆ ಓದಿಗಿಂತ ಅನುಮಾನ ಮುಖ್ಯ ಎಂದು ನನ್ನ ನಂಬಿಕೆ. ನನಗೆ ಅದು ಹುಟ್ಟಿನಿಂದಲೇ ಧಾರಾಳವಾಗಿ ಬಂದಿದೆ. "ಅನ್ನ ಬೆಂದಿದೆ ಕಣೇ ಅಂದ್ರೂ ಅಗುಳು ಹಿಸುಕಿ ನೋಡ್ತೀಯಲ್ಲ, ನಿನ್ನ ಕಟ್ಕೊಂಡೋನ ಪಾಡೇನು" ಎಂದು ಅಮ್ಮ ಈಗಲೂ ಬೈಯುತ್ತಾಳೆ.

ಬ್ಯಾಕ್ಟೀರಿಯಾ ಬೆಳೆಸಿದ ಆ ಪ್ಲೇಟು ಗುಬ್ಬಿಯ ಒಬ್ಬ ಪ್ರೈಮರಿ ಸ್ಕೂಲ್ ಟೀಚರದ್ದು. ಅವರಿಗೆ ಇದ್ದದ್ದು ಒಂದೇ ಕಿಡ್ನಿ. ಇನ್ನೊಂದು ಕಲ್ಲಿನಿಂದ ಕೆಟ್ಟು, ಹಿಂದೆಯೇ ತೆಗೆಸಿಕೊಂಡಿದ್ದರು. ಉಳಿದ ಆ ಒಂದಕ್ಕೆ ಸೋಂಕು ಹತ್ತಿ ಜ್ವರ ಬಂದಾಗ ಮೊದಲ ಸಲ ಅವರ ಮೂತ್ರ ನಮ್ಮ ಲ್ಯಾಬಿಗೆ ಬಂತು. ಬೆಳೆದದ್ದು ಕ್ಲೆಬ್ಸಿಯೆಲ್ಲ ಎಂಬ ಬ್ಯಾಕ್ಟೀರಿಯಾ. ಮುಟ್ಟಿದರೆ ಬೆಂಡೆಕಾಯಿ ಲೋಳೆಯ ಹಾಗೆ ಎಳೆ ಬಿಡುವ, ಗುಲಾಬಿ ಬಣ್ಣದ ದಪ್ಪ ದಪ್ಪ ಚುಕ್ಕೆಗಳು, ನಮ್ಮ ಮಾತಿನಲ್ಲಿ ಕಾಲೊನಿಗಳು. ಸಾಧಾರಣ ಆಂಟಿಬಯಾಟಿಕ್‌ಗಳನ್ನು ಕತ್ತರಿಸಿ ಹಾಕುವ ಒಂದು ಕಿಣ್ವ ಅದರ ಬಳಿ ಇತ್ತು. ಆದರೆ ಎರ್ಟಾಪೆನಂ ಎಂಬ ದೊಡ್ಡ ಔಷಧಿಗೆ ಚೆನ್ನಾಗಿ ಸಾಯುತ್ತಿತ್ತು. ನಾನೇ ರಿಪೋರ್ಟಿಗೆ ಸಹಿ ಹಾಕಿದ್ದೆ. ನಮ್ಮ ಡಾಕ್ಟರು ಅದನ್ನೇ ದಿನಕ್ಕೊಂದು ಇಂಜೆಕ್ಷನ್ ಬರೆದು, ಗುಬ್ಬಿಯ ಮನೆಯಲ್ಲೇ ಹಾಕಿಸಿಕೊಳ್ಳಿ ಎಂದು ಕಳಿಸಿದ್ದರು. ಜ್ವರ ಬಿಟ್ಟಿತು. ಬಿಟ್ಟದ್ದು ನಡುಕ ಸಮೇತ ವಾಪಸು ಬಂತು. ಟೀಚರನ್ನು ತುಮಕೂರಿಗೆ ಕರೆತಂದು ಅಡ್ಮಿಟ್ ಮಾಡಿ, ಮೆರೋಪೆನಂ ಎಂಬ ಅದರ ದಾಯಾದಿ ಔಷಧಿಯನ್ನು ಡ್ರಿಪ್‌ನಲ್ಲಿ ಶುರು ಮಾಡಿದರು. ಅಡ್ಮಿಟ್ ಆದ ದಿನ ತೆಗೆದ ಮೂತ್ರದಿಂದ ಬೆಳೆದದ್ದು ಈ ಎರಡನೇ ಪ್ಲೇಟು.

ನಮ್ಮ ಪರೀಕ್ಷೆ ಸರಳ. ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾವನ್ನು ಸಮನಾಗಿ ಬಳಿದು, ಔಷಧಿ ಹೀರಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿ ಕೆಲಸ ಮಾಡಿದರೆ ಮರುದಿನ ಬಿಲ್ಲೆಯ ಸುತ್ತ ಖಾಲಿ ವೃತ್ತ ಕಾಣುತ್ತದೆ. ಮೊದಲ ಸಲ ಎರ್ಟಾಪೆನಂ ಸುತ್ತ ಬಳೆಯಷ್ಟಗಲ ವೃತ್ತ ಬಂದಿತ್ತು. ಈಗ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬಂದು ಕೂತಿತ್ತು. ಮೆರೋಪೆನಂ ಸುತ್ತ ಒಂದಿಷ್ಟು ವೃತ್ತ ಇತ್ತು, ಅದೂ ಕುಗ್ಗಿತ್ತು. ನನ್ನ ಕಣ್ಣಿಗೆ ಬಿದ್ದ ಇನ್ನೊಂದು ವಿಷಯ, ಈ ಸಲದ ಕಾಲೊನಿಗಳು ಚಿಕ್ಕವು. ಒಂದೇ ರೋಗಿ, ಒಂದೇ ಜಾತಿಯ ಬ್ಯಾಕ್ಟೀರಿಯಾ, ಆದರೆ ಯಾಕೋ ಬಡಕಲಾಗಿತ್ತು.

ಡಾಕ್ಟರು ಚೇಂಬರಿಗೆ ಕರೆಸಿದರು. ನರ್ಸಿಂಗ್ ಹೋಮೂ ಅವರದೇ, ಲ್ಯಾಬೂ ಅವರದೇ.

"ಮೊದಲನೇ ರಿಪೋರ್ಟಲ್ಲಿ ಸೆನ್ಸಿಟಿವ್ ಅಂದ್ರಿ. ಈಗ ರೆಸಿಸ್ಟೆಂಟ್ ಅಂತೀರಿ. ಎರಡರಲ್ಲಿ ಒಂದು ಸುಳ್ಳಿರಬೇಕಲ್ಲ ಮೇಡಂ?"

"ನನಗೂ ಅದೇ ಅನುಮಾನ ಸರ್. ಇನ್ನೊಂದ್ಸಲ ನೋಡ್ತೀನಿ."

"ನೋಡಿ. ಆದ್ರೆ ನಾಳಿದ್ದು ಬೆಳಿಗ್ಗೆ ತನಕ ಮಾತ್ರ. ಆಮೇಲೆ ನಾನು ಕೊಲಿಸ್ಟಿನ್ ಶುರು ಮಾಡೋನೇ. ಕಾಯ್ತಾ ಕೂತ್ರೆ ಪೇಷಂಟ್ ಹೋಗ್ಬಿಡ್ತಾರೆ." ಜೊತೆಗೆ ಸೇರಿಸಿದರು, "ನಿಮ್ಮ ಟೆಕ್ನೀಷಿಯನ್ ಸ್ಯಾಂಪಲ್ ಅದಲುಬದಲು ಮಾಡಿರೋದು ಗೊತ್ತಾದ್ರೆ ಅವನು ನಾಳೆಯಿಂದ ಬರೋದು ಬೇಡ."

ಕೊಲಿಸ್ಟಿನ್ ಬೇರೇನೂ ನಡೆಯದಿದ್ದಾಗ ಕೈಗೆತ್ತಿಕೊಳ್ಳುವ ಔಷಧಿ. ಬ್ಯಾಕ್ಟೀರಿಯಾದ ಹೊರಗೋಡೆಯನ್ನೇ ಹರಿದು ಹಾಕುತ್ತದೆ. ಅದರ ಜೊತೆಗೆ ರೋಗಿಯ ಕಿಡ್ನಿಯನ್ನೂ ಹಾಳು ಮಾಡಬಹುದು. ಎರಡಿದ್ದವರು ಹೇಗೋ ತಡೆದುಕೊಳ್ಳುತ್ತಾರೆ. ಟೀಚರ ರಕ್ತದಲ್ಲಿ ಕ್ರಿಯಾಟಿನಿನ್ ಆಗಲೇ ಏರುತ್ತಿತ್ತು. ಕಿಡ್ನಿ ಸೋಲುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಆ ಒಂದು ಕಿಡ್ನಿಯೂ ಹೋದರೆ ಉಳಿದ ಆಯುಷ್ಯವೆಲ್ಲ ಡಯಾಲಿಸಿಸ್. ಅವರಿಗಿನ್ನೂ ರಿಟೈರ್ ಆಗುವ ವಯಸ್ಸೂ ಆಗಿರಲಿಲ್ಲ.

ನನ್ನ ಮೊದಲ ಅನುಮಾನ ಟೆಕ್ನೀಷಿಯನ್ ಮೇಲೆಯೇ ಹೋಯಿತು. ಆತ ಹುಲಿಯೂರುದುರ್ಗದವರು, ದಿನಾ ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ ಬರುತ್ತಾರೆ. ಕೈ ಚುರುಕು, ಮಾತು ಕಮ್ಮಿ. ಮಾತು ಕಮ್ಮಿ ಇರುವವರ ಮೇಲೆ ನನಗೆ ಅನುಮಾನ ಸ್ವಲ್ಪ ಹೆಚ್ಚು. ಟೀಚರ ಮೊದಲ ಸ್ಯಾಂಪಲ್ ಸೇರಿದಂತೆ ಗುಬ್ಬಿಯ ಸ್ಯಾಂಪಲ್‌ಗಳು ಥರ್ಮೊಕೋಲ್ ಡಬ್ಬಿಯಲ್ಲಿ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬರುತ್ತವೆ. ಬಸ್ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುವವರು ಇವರೇ. ಐಸು ಕರಗಿ ಚೀಟಿ ಅಳಿಸಿದ್ದರೆ? ಎರಡು ಬಾಟಲಿ ಒಂದರ ಜಾಗದಲ್ಲಿ ಒಂದು ಹೋಗಿದ್ದರೆ?

"ಹಂಗಾಗಕ್ಕಿಲ್ಲ ಮೇಡಂ. ಬಾಟ್ಲಿಗೂ ಬರ್ದಿರ್ತೀನಿ, ಮುಚ್ಳಕ್ಕೂ ಬರ್ದಿರ್ತೀನಿ," ಎಂದರು ಆತ, ಕೇಳಿದಾಗ.

ನಾನು ಅದನ್ನೂ ನಂಬಲಿಲ್ಲ. ಒಂದೇ ಬ್ಯಾಕ್ಟೀರಿಯಾವನ್ನು ಎರಡು ಟ್ಯೂಬಿಗೆ ಹಾಕಿ, ಬೇರೆ ಬೇರೆ ನಂಬರು ಬರೆದು, ಹೊಸ ಸ್ಯಾಂಪಲ್ ಎಂದು ಅವರ ಟೇಬಲ್ಲಿನ ಮೇಲಿಟ್ಟೆ. ಎರಡಕ್ಕೂ ಒಂದೇ ಉತ್ತರ ಬರುತ್ತದೋ ಇಲ್ಲವೋ ನೋಡೋಣ ಎಂದು. ಆಮೇಲೆ ನಾನೇ ನಿಂತು ಎಲ್ಲವನ್ನೂ ಮತ್ತೆ ಹಾಕಿದೆ. ಟೀಚರ ಮೊದಲ ಸಲದ ಬ್ಯಾಕ್ಟೀರಿಯಾವನ್ನು ನಮ್ಮ ಪದ್ಧತಿಯಂತೆ ಅಗರ್ ಟ್ಯೂಬಿನಲ್ಲಿ ಎತ್ತಿಟ್ಟಿದ್ದೆವು. ಹಳೆಯದನ್ನು ಹೊಸದರ ಪಕ್ಕದಲ್ಲೇ ಬೆಳೆಸಿದೆ. ಫ್ರಿಜ್ಜಿನ ಬಿಲ್ಲೆಗಳೂ ಕೆಟ್ಟಿರಬಹುದಲ್ಲ, ಕರೆಂಟು ಹೋಗಿ ಬಂದು ಮಾಡುತ್ತದೆ. ಅದಕ್ಕೇ ಒಡೆಯದ ಹೊಸ ಡಬ್ಬಿ ಒಡೆದೆ. ಬಿಲ್ಲೆಗಳು ಸರಿಯಿವೆಯೋ ಎಂದು ತಿಳಿಯಲು, ಉತ್ತರ ಮೊದಲೇ ಗೊತ್ತಿರುವ ಒಂದು ಸಾಧು ಇ-ಕೊಲೈಯನ್ನೂ ಹಾಕಿದೆ.

ಇನ್ನೊಂದು ಪರೀಕ್ಷೆಯೂ ಬಾಕಿ ಇತ್ತು. ಈ ದೊಡ್ಡ ಔಷಧಿಗಳನ್ನು ಸೋಲಿಸುವ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಹೊಸದೊಂದು ಕಿಣ್ವ ಸಂಪಾದಿಸಿಕೊಂಡಿರುತ್ತವೆ. ಅದು ಔಷಧಿಯನ್ನು ತಿಂದು ಮುಗಿಸುತ್ತದೆ. ಹಾಗೇನಾದರೂ ಆಗಿದ್ದರೆ ಡಾಕ್ಟರು ಹೇಳಿದ್ದೇ ಸರಿ, ಕೊಲಿಸ್ಟಿನ್ ಬಿಟ್ಟು ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಮೆರೋಪೆನಂ ಬಿಲ್ಲೆಯೊಂದನ್ನು ಟೀಚರ ಹೊಸ ಬ್ಯಾಕ್ಟೀರಿಯಾ ತುಂಬಿದ ದ್ರವದಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ನೆನೆಹಾಕಿದೆ. ಆಮೇಲೆ ತೆಗೆದು ಆ ಸಾಧು ಇ-ಕೊಲೈ ಬಳಿದ ಪ್ಲೇಟಿನ ಮೇಲಿಟ್ಟೆ. ಕಿಣ್ವ ಇದ್ದರೆ ಬಿಲ್ಲೆಯ ಔಷಧಿಯೆಲ್ಲ ಹಾಳಾಗಿ ಇ-ಕೊಲೈ ನಿರಾತಂಕವಾಗಿ ಬೆಳೆಯಬೇಕು.

ಮರುದಿನ ಬೆಳಿಗ್ಗೆ ಲ್ಯಾಬಿಗೆ ಹೋದರೆ ಟೆಕ್ನೀಷಿಯನ್ ಆಗಲೇ ಬಂದಿದ್ದರು. ನಾನಿಟ್ಟ ಆ ಎರಡು ಟ್ಯೂಬು ಕೈಯಲ್ಲಿ ಹಿಡಿದಿದ್ದರು.

"ಇವೆರಡೂ ಒಂದೇ ಅಲ್ವಾ ಮೇಡಂ?"

ನಾನು ಹೌದೆಂದು ತಲೆಯಾಡಿಸಿದೆ.

"ನಂಬ್ಕೆ ಇಲ್ದಿದ್ರೆ ಮುಖಕ್ಕೇ ಹೇಳ್ಬೋದಿತ್ತು," ಎಂದು ಟ್ಯೂಬುಗಳನ್ನು ಸ್ಟ್ಯಾಂಡಿಗೆ ಹಾಕಿ ಕೆಲಸಕ್ಕೆ ಹೋದರು. ನನಗೆ ನಾಚಿಕೆಯಾಯಿತು. ಆದರೂ ಎರಡರ ವೃತ್ತಗಳನ್ನೂ ಸ್ಕೇಲಿಟ್ಟು ಅಳೆದು ನೋಡಿಯೇಬಿಟ್ಟೆ. ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಬಿಲ್ಲೆಗಳೂ ಸರಿ ಇದ್ದವು. ಹಳೆಯ ಬ್ಯಾಕ್ಟೀರಿಯಾ ಎರ್ಟಾಪೆನಂಗೆ ಹಿಂದಿನಂತೆಯೇ ಸತ್ತಿತ್ತು, ಹೊಸದು ಸತ್ತಿರಲಿಲ್ಲ. ಅಂದರೆ ಎರಡು ರಿಪೋರ್ಟೂ ನಿಜ. ಉಳಿದ ಔಷಧಿಗಳ ಸಾಲಿನಲ್ಲಿ ಎರಡೂ ಒಂದೇ ಥರ ಇದ್ದವು, ಹಾಗಾಗಿ ಇದು ಬೇರೆ ಯಾರದೋ ಬ್ಯಾಕ್ಟೀರಿಯಾ ಎನ್ನುವ ಹಾಗೂ ಇರಲಿಲ್ಲ. ನೆನೆಹಾಕಿದ ಬಿಲ್ಲೆಯ ಸುತ್ತ ಮಾತ್ರ ಇ-ಕೊಲೈ ಅಚ್ಚುಕಟ್ಟಾಗಿ ಸತ್ತು ದೊಡ್ಡ ವೃತ್ತ ಬಿದ್ದಿತ್ತು. ಅಷ್ಟು ಹೊತ್ತು ಬ್ಯಾಕ್ಟೀರಿಯಾದ ಜೊತೆ ಮುಳುಗಿದ್ದರೂ ಔಷಧಿಗೆ ಏನೂ ಆಗಿರಲಿಲ್ಲ. ಹೊಸ ಕಿಣ್ವ ಇಲ್ಲ.

ಔಷಧಿಯನ್ನು ಅದು ತಿನ್ನುತ್ತಿಲ್ಲ. ಒಳಗೇ ಬಿಟ್ಟುಕೊಳ್ಳುತ್ತಿಲ್ಲ.

ಕ್ಲೆಬ್ಸಿಯೆಲ್ಲದಂಥ ಬ್ಯಾಕ್ಟೀರಿಯಾಗಳಿಗೆ ಎರಡು ಪೊರೆಗಳಿವೆ. ಒಳಗಿನದು ಎಲ್ಲ ಜೀವಕೋಶಗಳಿಗೂ ಇರುವಂಥದ್ದೇ. ಹೊರಗಿನದು ವಿಚಿತ್ರದ್ದು. ಅದರ ಹೊರಮೈ ತುಂಬ ಒಂದು ಬದಿ ಕೊಬ್ಬು, ಇನ್ನೊಂದು ಬದಿ ಸಕ್ಕರೆಯ ಸರ ಇರುವ ಅಣುಗಳು ಒತ್ತೊತ್ತಾಗಿ ನಿಂತಿರುತ್ತವೆ. ಅವುಗಳ ನಡುವೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಕೊಂಡು ಗಾರೆಯ ಹಾಗೆ ಬಿಗಿಹಿಡಿಯುತ್ತವೆ. ಕೊಲಿಸ್ಟಿನ್ ಮಾಡುವುದು ಆ ಗಾರೆಯನ್ನು ಕೀಳುವ ಕೆಲಸ. ಗೋಡೆ ಇಷ್ಟು ಬಿಗಿಯಾದರೆ ಅನ್ನನೀರಿಗೆ ದಾರಿ ಬೇಕಲ್ಲ, ಅದಕ್ಕೇ ಹೊರಪೊರೆಯಲ್ಲಿ ಪೋರಿನ್ ಎಂಬ ರಂಧ್ರದ ಪ್ರೋಟೀನುಗಳಿವೆ. ಪ್ರೋಟೀನಿನ ಪಟ್ಟಿಗಳು ಪೀಪಾಯಿಯ ಹಲಗೆಗಳಂತೆ ಸುತ್ತಲೂ ನಿಂತು ಒಂದು ಕೊಳವೆಯಾಗುತ್ತದೆ. ಅಂಥ ಮೂರು ಕೊಳವೆಗಳು ಅಂಟಿಕೊಂಡು ಒಂದು ಗುಂಪು. ಪ್ರತಿ ಕೊಳವೆಯ ನಡುವಿಗೆ ಪ್ರೋಟೀನಿನದೇ ಒಂದು ಸುರುಳಿ ಒಳಕ್ಕೆ ಬಾಗಿ ದಾರಿಯನ್ನು ಇಕ್ಕಟ್ಟು ಮಾಡಿರುತ್ತದೆ. ಸಣ್ಣ ಅಣುಗಳು ತೂರುತ್ತವೆ, ದೊಡ್ಡವು ಹೊರಗೇ ಉಳಿಯುತ್ತವೆ. ನಮ್ಮ ಔಷಧಿಗಳೂ ಇದೇ ದಾರಿಯಲ್ಲಿ ಕಳ್ಳರಂತೆ ನುಗ್ಗಬೇಕು.

ಕ್ಲೆಬ್ಸಿಯೆಲ್ಲಕ್ಕೆ ಇಂಥ ಮುಖ್ಯ ಬಾಗಿಲು ಎರಡು, ಒಂದು ಅಗಲ, ಒಂದು ಕಿರಿದು. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಎಲ್ಲೋ ಒಂದಕ್ಕೆ ಜೀನು ಕೆಟ್ಟು ಬಾಗಿಲೇ ಇಲ್ಲದಂತಾಗುತ್ತದೆ. ಆಗ ಔಷಧಿ ಎಲ್ಲೆಲ್ಲೋ ಸಂದಿಯಲ್ಲಿ ಒಂದೊಂದೇ ಅಣುವಾಗಿ ನುಸುಳಬೇಕು. ಎರಡು ಪೊರೆಗಳ ನಡುವಿನ ಓಣಿಯಲ್ಲಿ ಆ ಹಳೆಯ ಕಿಣ್ವ ಕಾದಿರುತ್ತದೆ. ಗುಂಪಾಗಿ ಬಂದ ಎರ್ಟಾಪೆನಂ ಎದುರು ಅದರ ಆಟ ನಡೆಯದು. ಒಂದೊಂದಾಗಿ ಬಂದರೆ ನಿಧಾನಕ್ಕೆ ಮುಗಿಸುತ್ತದೆ. ಬಾಗಿಲು ಮುಚ್ಚಿಕೊಂಡದ್ದಕ್ಕೆ ಊಟವೂ ಸರಿಯಾಗಿ ಸಿಗುವುದಿಲ್ಲ, ಬೆಳವಣಿಗೆ ಕುಂಠಿತ. ಆ ಚಿಕ್ಕ ಕಾಲೊನಿಗಳ ಅರ್ಥ ಇದೇ ಇರಬೇಕು ಎಂದುಕೊಂಡೆ.

ಆದರೂ ಒಂದು ಪ್ರಶ್ನೆ ಉಳಿಯಿತು. ಇಷ್ಟು ಬೇಗ ಯಾಕೆ? ಪೂರ್ತಿ ಔಷಧಿ ಬಿದ್ದಿದ್ದರೆ ಬಾಗಿಲಿದ್ದದ್ದೂ ಇಲ್ಲದ್ದೂ ಒಟ್ಟಿಗೇ ಸಾಯಬೇಕಿತ್ತು. ಅರೆಬರೆ ಬಿದ್ದಾಗ ಮಾತ್ರ ಬಾಗಿಲಿಲ್ಲದ್ದು ಉಳಿದು ಬೆಳೆಯುತ್ತದೆ. ಹಾಗಾದರೆ ಇಂಜೆಕ್ಷನ್ನೇ ನಕಲಿಯಾಗಿರಬೇಕು. ನನ್ನ ಅನುಮಾನ ಟೆಕ್ನೀಷಿಯನ್‌ನನ್ನು ಬಿಟ್ಟು ಔಷಧಿ ಮಾರಿದವರ ಬೆನ್ನು ಹತ್ತಿತು.

ಹೊರಡುವ ಮೊದಲು ಇನ್ನೊಂದು ಕೆಲಸ ಮಾಡಿದೆ. ಮೆರೋಪೆನಂ ಎರ್ಟಾಪೆನಂಗಿಂತ ಚಿಕ್ಕ ಅಣು, ಉಳಿದ ಸಂದಿಗಳಲ್ಲಿ ಸ್ವಲ್ಪ ಸಲೀಸಾಗಿ ತೂರುತ್ತದೆ. ಎಷ್ಟು ಮೆರೋಪೆನಂ ಇದ್ದರೆ ಈ ಬ್ಯಾಕ್ಟೀರಿಯಾ ನಿಲ್ಲುತ್ತದೆ ಎಂದು ತೋರಿಸುವ, ಔಷಧಿ ಹೀರಿದ ಅಳತೆಯ ಪಟ್ಟಿಯೊಂದನ್ನು ಹೊಸ ಪ್ಲೇಟಿನ ಮೇಲಿಡಲು ಟೆಕ್ನೀಷಿಯನ್‌ಗೆ ಹೇಳಿದೆ. ಎರಡೂ ಬ್ಯಾಕ್ಟೀರಿಯಾಗಳನ್ನು ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬ ಗೆಳತಿಗೆ ಕಳಿಸಿದೆ. ಹೊರಪೊರೆಯನ್ನು ಬೇರೆ ಮಾಡಿ, ಅದರ ಪ್ರೋಟೀನುಗಳನ್ನು ಜೆಲ್ ಮೇಲೆ ಗೆರೆಗೆರೆಯಾಗಿ ಬಿಡಿಸಿ ನೋಡುವ ಸೌಕರ್ಯ ಅವಳ ಹತ್ತಿರ ಇತ್ತು. ಆಮೇಲೆ ಗುಬ್ಬಿ ಬಸ್ಸು ಹತ್ತಿದೆ. ನಕಲಿ ಔಷಧಿಯ ಬಾಟಲಿಯೊಂದನ್ನು ಕೈಯಾರೆ ಹಿಡಿದು ತರುವುದು ನನ್ನ ಲೆಕ್ಕಾಚಾರ.

ಟೀಚರ ಗಂಡ ಮನೆಯಲ್ಲಿದ್ದರು. ಕಡಬದ ಕಡೆಯವರು, ಕೊಬ್ಬರಿ ವ್ಯಾಪಾರ. ಹೆಂಡತಿಗೆ ಗಂಜಿ, ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದರು. ಆಸ್ಪತ್ರೆಯವರು ಮನೆ ಬಾಗಿಲಿಗೆ ಬಂದದ್ದು ನೋಡಿ ಅವರ ಮುಖ ಬಿಳಿಚಿಕೊಂಡಿತು. ಗಾಬರಿಯಾಗಬೇಡಿ, ಟೀಚರ್ ಹಾಗೇ ಇದ್ದಾರೆ ಎಂದು ಮೊದಲು ಹೇಳಿ ಕೂತೆ.

"ಮನೇಲಿ ಹಾಕಿದ್ರಲ್ಲ ಯಜಮಾನ್ರೇ, ಆ ಇಂಜೆಕ್ಷನ್ನಿನ ಖಾಲಿ ಬಾಟ್ಲಿ ಒಂದಾದ್ರೂ ಉಳಿದಿದೆಯಾ?"

"ಖಾಲೀದ್ಯಾಕೆ ತಾಯಿ, ಔಷ್ದಿ ಇರೋದೇ ಐತೆ," ಎಂದು ಒಳಗೆ ಕರೆದು ಫ್ರಿಜ್ ತೆಗೆದರು. ಬಾಗಿಲಿನಲ್ಲಿ ಮೊಟ್ಟೆಯಿಡುವ ಗುಳಿಗಳಲ್ಲಿ ನಿಂಬೆಹಣ್ಣುಗಳಿದ್ದವು. ಅವುಗಳ ನಡುವೆ, ರಬ್ಬರ್ ಮುಚ್ಚಳ ಚುಚ್ಚಿದ್ದ ಒಂದು ಎರ್ಟಾಪೆನಂ ಬಾಟಲಿ. ನೀರು ಬೆರೆಸಿ ಕರಗಿಸಿದ ಔಷಧಿ ಅದರಲ್ಲಿ ಅರ್ಧಕ್ಕೆ ನಿಂತಿತ್ತು.

"ಇದ್ಯಾಕೆ ಅರ್ಧ ಇದೆ?"

"ಅಷ್ಟೂನೂ ಒಂದೇ ಏಟ್ಗೆ ಹಾಕುದ್ರೆ ಹೀಟಾಯ್ತದೆ ತಾಯಿ. ಇರೋದೊಂದ್ ಕಿಡ್ನಿ. ಇವತ್ತರ್ಧ ಹಾಕಿ, ನಾಳೀಕರ್ಧ ಹಾಕಿ ಅಂತ ನರ್ಸಮ್ಮಂಗೆ ನಾನೇ ಹೇಳ್ದೆ. ಮೇಲೊಂದು ಎಳ್ನೀರು ಕೊಡ್ತಿದ್ದೆ." ಜಾಗ್ರತೆ ಮಾಡಿದ ಸಮಾಧಾನ ಅವರ ದನಿಯಲ್ಲಿತ್ತು.

"ನರ್ಸು ಒಪ್ಪಿದ್ರಾ?"

"ಮೊದ್ಲು ಒಪ್ನಿಲ್ಲ. ಡಾಕ್ಟ್ರೇ ಹಂಗಂದವ್ರೆ ಅಂದೆ. ಆಮೇಲೆ ಸುಮ್ಕಾದ್ರು."

ಆ ಬಾಟಲಿಯನ್ನು ಕಿತ್ತುಕೊಂಡು ಗೋಡೆಗೆ ಎಸೆಯಬೇಕು ಅನ್ನಿಸುವಷ್ಟು ಸಿಟ್ಟು ಬಂತು ನನಗೆ. ಈ ಔಷಧಿ ನೀರು ಬೆರೆಸಿದ ಮೇಲೆ ಹೆಚ್ಚು ಹೊತ್ತು ಬಾಳುವುದಿಲ್ಲ. ಮೊದಲ ದಿನ ಅರ್ಧ ಹೋಗಿದೆ, ಎರಡನೇ ದಿನ ಅರ್ಧಕ್ಕಿಂತಲೂ ಕಡಿಮೆ. ಹೆಂಡತಿಯ ಕಿಡ್ನಿ ಉಳಿಸಲೆಂದು ಈ ಮನುಷ್ಯ ದಿನದಿನವೂ ಬ್ಯಾಕ್ಟೀರಿಯಾಗೆ ತಾಲೀಮು ಕೊಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ದನಿ ತಗ್ಗಿಸಿದರು.

"ನಮ್ಮನೆಯೋಳ್ಗೆ ಇದು ಗೊತ್ತಿಲ್ಲ. ಹೇಳ್ಬ್ಯಾಡಿ ತಾಯಿ. ಆಮೇಲೆ ಅರ್ಧ ಹಾಕಿದ್ದಕ್ಕೇ ಜ್ವರ ಬಂತು ಅಂದ್ಕೊಂಡಾಳು."

ಸಿಟ್ಟು ನುಂಗಿ, ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಇನ್ನು ಮುಂದೆ ಹೀಗೆ ಮಾಡಬೇಡಿ ಎಂದಷ್ಟೇ ಹೇಳಿ, ಬಾಟಲಿ ಇಸಕೊಂಡು ಬಂದೆ.

ಮೂರನೇ ಬೆಳಿಗ್ಗೆ ಮೆರೋಪೆನಂ ಪಟ್ಟಿಯನ್ನು ಮೊದಲು ಟೆಕ್ನೀಷಿಯನ್ ಓದಿದರು, ಆಮೇಲೆ ನಾನು ಓದಿದೆ. ಉತ್ತರ ಗಡಿಯ ಮೇಲಿತ್ತು. ಮಾಮೂಲಿ ರೀತಿಯಲ್ಲಿ ಕೊಟ್ಟರೆ ಸಾಲದು, ಹೆಚ್ಚು ಡೋಸನ್ನು ನಿಧಾನಕ್ಕೆ ಕೊಟ್ಟರೆ ಸಾಕಾಗಬಹುದು. ಆಗಬಹುದು ಎನ್ನುವ ಮಾತು ನನಗೆ ಹಿಡಿಸುವುದಿಲ್ಲ. ಆ ದಿನ ಕೈಯಲ್ಲಿದ್ದದ್ದು ಅದೊಂದೇ.

ಡಾಕ್ಟರ ಚೇಂಬರಿನಲ್ಲಿ ಎಲ್ಲವನ್ನೂ ಹೇಳಿದೆ. ಫ್ರಿಜ್ಜಿನ ಬಾಟಲಿಯನ್ನು ಟೇಬಲ್ ಮೇಲಿಟ್ಟೆ.

"ಹೊಸ ಕಿಣ್ವ ಇಲ್ಲ ಸರ್. ಬಾಗಿಲು ಹೋಗಿದೆ ಅಷ್ಟೆ. ಈಗ ಮೆರೋಪೆನಂ ಅರ್ಧ ಗಂಟೇಲಿ ಸುರೀತಿದೀವಿ. ರಕ್ತದಲ್ಲಿ ಜರ್ರಂತ ಏರಿ ಜರ್ರಂತ ಇಳಿಯುತ್ತೆ. ಅದನ್ನೇ ಮೂರು ಗಂಟೆ ಬಿಡೋಣ, ಡೋಸ್ ಜಾಸ್ತಿ ಮಾಡಿ. ಬಾಗಿಲು ಕಿರಿದಾದಾಗ ಹೆಚ್ಚು ಹೊತ್ತು ಹೊರಗೆ ಜನ ನಿಂತಿರ್ಬೇಕು, ಒಬ್ಬೊಬ್ಬರಾದ್ರೂ ಒಳಗೆ ಹೋಗ್ತಾರೆ."

"ಬಾಗಿಲು ಹೋಗಿದೆ ಅಂತ ಕಣ್ಣಾರೆ ನೋಡಿದೀರಾ?"

"ಇಲ್ಲ. ಜೆಲ್ ನಾಳೆ ಬರುತ್ತೆ."

"ಗ್ಯಾರಂಟಿ ಕೊಡ್ತೀರಾ?"

"ಇಲ್ಲ ಸರ್. ಕೊಲಿಸ್ಟಿನ್ ಆ ಕಿಡ್ನೀನ ಉಳಿಸುತ್ತೆ ಅಂತ ನೀವು ಕೊಡ್ತೀರಾ?"

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರ ಸಿಟ್ಟೆಲ್ಲ ಭಯ ಎಂದು ನನಗೆ ಅರ್ಥವಾದದ್ದು ಆಗ. "ನಾಳೆ ಸಂಜೆ ತನಕ. ಜ್ವರ ಇಳೀಲಿಲ್ಲ ಅಂದ್ರೆ ನೀವು ನನ್ನ ತಡೀಬಾರ್ದು," ಎಂದರು.

ಮಧ್ಯಾಹ್ನ ವಾರ್ಡಿಗೆ ಹೋಗಿ ನೋಡಿದರೆ ಡ್ರಿಪ್ ಬಾಟಲಿ ಖಾಲಿ. ಈಗಷ್ಟೇ ಹಾಕಿದ್ದು. ಡ್ರಿಪ್ ಬೇಗ ಮುಗಿಸಿ ಮುಂದಿನ ಹಾಸಿಗೆಗೆ ಹೋಗುವುದು ಸಿಸ್ಟರ್‌ಗಳಿಗೆ ಎಷ್ಟೋ ವರ್ಷದ ರೂಢಿ. ಆರ್ಡರ್ ಬದಲಾದರೂ ಆ ಪಾಳಿಯ ಸಿಸ್ಟರ್ ಬೆರಳು ಅಭ್ಯಾಸದಂತೆ ಹನಿ ಹೊಂದಿಸುವ ಚಕ್ರ ತಿರುಗಿಸಿಬಿಟ್ಟಿತ್ತು. ನಿಧಾನಕ್ಕೆ ಬಿಡುವ ಪಂಪ್ ಇದ್ದದ್ದು ಒಂದೇ, ಅದು ಐಸಿಯುನಲ್ಲಿತ್ತು. ನಾನು ಆಕೆಯ ಮೇಲೆ ಕೂಗಾಡಿದೆ. ಆಕೆ ಅತ್ತರು. ಅದರಿಂದ ಟೀಚರಿಗೆ ನಯಾಪೈಸೆ ಉಪಯೋಗವಾಗಲಿಲ್ಲ.

ಸಂಜೆಯ ಡೋಸಿಗೆ ಒಂದು ಸ್ಟೂಲ್ ಎಳೆದುಕೊಂಡು ಟೀಚರ ಹಾಸಿಗೆಯ ಪಕ್ಕ ನಾನೇ ಕೂತೆ. ಹನಿ ಎಣಿಸಿ ಚಕ್ರ ಹೊಂದಿಸಿದೆ. ಗಂಡ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಟೀಚರ್ ಸಣಕಲು ಜೀವ, ಜ್ವರದಲ್ಲಿ ತುಟಿ ಒಡೆದಿತ್ತು. ಆದರೆ ಕಣ್ಣು ಮಾತ್ರ ಪರೀಕ್ಷೆಯ ಕೊಠಡಿಯಲ್ಲಿ ಮಕ್ಕಳನ್ನು ಕಾಯುವವರ ಕಣ್ಣು. ಅವರೂ ನನ್ನ ಹಾಗೇ ಆ ಬಾಟಲಿಯನ್ನೇ ನೋಡುತ್ತಿದ್ದರು. ನಾನೊಮ್ಮೆ ಫೋನು ನೋಡಿ ತಲೆ ಎತ್ತುವಷ್ಟರಲ್ಲಿ ಅವರ ಕೈ ಚಕ್ರದ ಮೇಲಿತ್ತು.

"ಏನ್ಮಾಡ್ತಿದೀರಾ ಟೀಚರ್?"

ಅವರು ಕೈ ತೆಗೆಯಲಿಲ್ಲ. "ಮಧ್ಯಾಹ್ನದ್ದು ಪೂರ್ತಿ ಹೋಯ್ತು. ಇದನ್ನಾದ್ರೂ ಅರ್ಧಕ್ಕೆ ನಿಲ್ಸೋಣ ಅಂತ. ಇರೋದು ಒಂದೇ ಮೇಡಂ. ಮೊದಲನೇದು ಹೋದಾಗಲೂ ಎಲ್ರೂ ಏನೂ ಆಗಲ್ಲ ಅಂತಾನೇ ಹೇಳಿದ್ರು."

"ಮನೇಲೂ ಹೀಗೇ ಅರ್ಧ…" ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಗಂಡನಿಗೆ ಕೊಟ್ಟ ಮಾತು ನೆನಪಾಗಿ ಅಲ್ಲಿಗೇ ನಿಲ್ಲಿಸಿದೆ.

ಅವರು ಸಣ್ಣಗೆ ನಕ್ಕರು. "ಗೊತ್ತು. ನಾನೂ ಫ್ರಿಜ್ ತೆಗೀತೀನಲ್ಲ. ನನಗೆ ಗೊತ್ತಿಲ್ಲ ಅಂದ್ಕೊಂಡು ಅವ್ರು ಮಾಡ್ತಿದ್ರು, ನಾನೂ ಗೊತ್ತಿಲ್ದೋಳ ಹಾಗೆ ಇದ್ದೆ. ಒಳ್ಳೇದೇ ಆಯ್ತು ಅನ್ನಿಸ್ತಿತ್ತು."

ನಾನು ಬಸ್ಸಿನ ಡಬ್ಬಿಯನ್ನು ಅನುಮಾನಿಸಿದ್ದೆ, ಬಿಲ್ಲೆಗಳನ್ನು, ನನ್ನ ಜೊತೆ ಕೆಲಸ ಮಾಡುವವರನ್ನು, ಕಾಣದ ಔಷಧಿ ಕಂಪನಿಯನ್ನು ಅನುಮಾನಿಸಿದ್ದೆ. ಈ ಗಂಡಹೆಂಡತಿ ನಮ್ಮನ್ನೇ ಅನುಮಾನಿಸುತ್ತಿದ್ದಾರೆ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ದಿನಕ್ಕೊಂದು ಹಾಕಿಸಿಕೊಳ್ಳಿ ಎಂದಿದ್ದೆವು. ಯಾಕೆ ಒಂದು, ಯಾಕೆ ಪೂರ್ತಿ ಎಂದು ನಮ್ಮಲ್ಲಿ ಯಾರೂ ಅವರ ಜೊತೆ ಕೂತು ಹೇಳಿರಲಿಲ್ಲ.

ಆಗ ಹೇಳಿದೆ. ಎರಡು ಪೊರೆ, ನಡುವಿನ ಓಣಿ, ಪೀಪಾಯಿಯಂಥ ಬಾಗಿಲು, ಅರ್ಧ ಡೋಸಿಗೆ ಬಾಗಿಲಿದ್ದವು ಸತ್ತು ಬಾಗಿಲಿಲ್ಲದವು ಉಳಿದದ್ದು. ಹೊರಪೊರೆಯನ್ನು ಕಿತ್ತು ಹಾಕುವ ಇನ್ನೊಂದು ಔಷಧಿ ಕಿಡ್ನಿಗೆ ಏನು ಮಾಡಬಹುದು ಎನ್ನುವುದನ್ನೂ ಮುಚ್ಚಿಡಲಿಲ್ಲ. ಈ ಔಷಧಿ ಅಂಥದ್ದಲ್ಲ, ಇದು ಫಲಿಸದಿದ್ದರೆ ನಾಳೆ ಆ ಇನ್ನೊಂದು ಬರುತ್ತದೆ ಎಂದೂ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ನಿದ್ದೆ ಬಂತೇನೋ ಎಂದುಕೊಂಡೆ.

"ಬಾಗಿಲೇ ಇಲ್ದಿದ್ರೆ ಅದಕ್ಕೆ ಊಟ ಹೆಂಗೆ?" ಎಂದರು ಕಣ್ಣು ಬಿಡದೆ.

ಆ ಪ್ರಶ್ನೆ ಕೇಳಿ ನನಗೆ ಖುಷಿಯಾಯಿತು. "ಕಷ್ಟಾನೇ ಟೀಚರ್. ಅರೆಹೊಟ್ಟೆ. ಅದಕ್ಕೇ ಬಡಕಲಾಗಿದೆ."

"ಹಂಗಾದ್ರೆ ಅದೂ ಹೆದರ್ಕೊಂಡೇ ಮುಚ್ಕೊಂಡಿರೋದು," ಎಂದರು. ಹೆದರಿಕೆಯಿಂದಲ್ಲ, ಆಕಸ್ಮಿಕವಾಗಿ ಎಂದು ತಿದ್ದಲು ಹೋಗಲಿಲ್ಲ. ಅವರು ಚಕ್ರದ ಮೇಲಿನ ಕೈ ತೆಗೆದು ಹೊದಿಕೆಯೊಳಗೆ ಇಟ್ಟುಕೊಂಡರು. "ಪೂರ್ತಿ ಹೋಗ್ಲಿ ಬಿಡಿ."

ಆಮೇಲಿನ ಡೋಸ್‌ಗಳನ್ನು ಅವರೇ ಕಾದರು. ಸಿಸ್ಟರ್ ಚಕ್ರಕ್ಕೆ ಕೈ ಹಾಕಿದರೆ "ಮೂರ್ ಗಂಟೆ ಕಣಮ್ಮ" ಎಂದು ಮಗ್ಗಿ ಒಪ್ಪಿಸಿಕೊಳ್ಳುವವರ ದನಿಯಲ್ಲಿ ಹೇಳುತ್ತಿದ್ದರಂತೆ.

ಮರುದಿನ ಮಧ್ಯಾಹ್ನ ಗೆಳತಿ ಜೆಲ್‌ನ ಫೋಟೊ ಕಳಿಸಿದಳು. ಹಳೆಯ ಬ್ಯಾಕ್ಟೀರಿಯಾದ ಸಾಲಿನಲ್ಲಿ ಆ ಎರಡು ಪೋರಿನ್‌ಗಳ ಗೆರೆ ದಪ್ಪಗೆ ಇತ್ತು. ಹೊಸದರ ಸಾಲಿನಲ್ಲಿ ಅದೇ ಜಾಗ ಖಾಲಿ. ಅವಳಿಗೆ ಫೋನು ಮಾಡಿ, ಸಾಲುಗಳು ಅದಲುಬದಲಾಗಿಲ್ಲ ತಾನೇ ಎಂದು ಕೇಳಿದೆ. "ಥೂ, ನಿನ್ನ ಬುದ್ಧಿ ಬಿಡಲ್ಲ ಕಣೇ" ಎಂದು ಫೋನಿಟ್ಟಳು. ಸಂಜೆ ಡಾಕ್ಟರು ರೌಂಡ್ಸಿಗೆ ಬರುವಾಗ ಜ್ವರ ಇಳಿದಿತ್ತು, ಪೂರ್ತಿ ಬಿಟ್ಟಿರಲಿಲ್ಲ. ಅವರು ಹಾಸಿಗೆಯ ಕಾಲ ಬಳಿ ನಿಂತು ಜ್ವರದ ಚಾರ್ಟು ತಿರುವಿ ನೋಡಿದರು. ಕೊಲಿಸ್ಟಿನ್ ಬರೆಯಲಿಲ್ಲ. ಹೊರಗೆ ಹೋಗುವಾಗ ಕಾರಿಡಾರಿನಲ್ಲಿ ಎದುರಾದ ಟೆಕ್ನೀಷಿಯನ್‌ರ ಹೆಗಲು ತಟ್ಟಿದರು. ಅವರಿಂದ ಬರುವ ಕ್ಷಮಾಪಣೆ ಅಷ್ಟೇ.

ಜ್ವರ ಇಳಿಯಿತು ಎಂದರೆ ಕಿಡ್ನಿ ಉಳಿಯಿತು ಎಂದಲ್ಲ. ಕ್ರಿಯಾಟಿನಿನ್ ಇನ್ನೂ ಏರಿದ ಕಡೆಯೇ ನಿಂತಿತ್ತು. ಒಂದು ದಿನ ಹಾಗೇ, ಮತ್ತೊಂದು ದಿನವೂ ಹಾಗೇ. ಗಂಡ ನನ್ನನ್ನು ಕಂಡಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ನಾನೂ ಆ ಬೆಂಚನ್ನು ತಪ್ಪಿಸಿ ಹಿಂದಿನ ಮೆಟ್ಟಿಲಿನಿಂದ ಓಡಾಡತೊಡಗಿದೆ.

ಅದಾದ ಮೇಲಿನ ಬೆಳಿಗ್ಗೆ ಟೆಕ್ನೀಷಿಯನ್ ತಾವೇ ಹೋಗಿ ರಕ್ತ ತೆಗೆದುಕೊಂಡು ಬಂದರು. ಮೆಷಿನ್ ತೋರಿಸಿದ್ದನ್ನು ನೋಡಿ ಇಬ್ಬರೂ ಮುಖ ಮುಖ ನೋಡಿಕೊಂಡೆವು. ನಾನು ಹೇಳುವ ಮೊದಲೇ ಅವರು, "ಇನ್ನೊಂದ್ಸಲ ಹಾಕ್ತೀನಿ ಮೇಡಂ," ಎಂದರು. ಎರಡನೇ ಸಲವೂ ಅದೇ ಬಂತು. ಕ್ರಿಯಾಟಿನಿನ್ ಚೆನ್ನಾಗಿಯೇ ಇಳಿದಿತ್ತು. ಇಬ್ಬರೂ ಒಟ್ಟಿಗೇ ವಾರ್ಡಿಗೆ ಹೋದೆವು.

ಟೀಚರ್ ದಿಂಬಿಗೊರಗಿ ಕೂತಿದ್ದರು. ಪಕ್ಕದಲ್ಲಿ ಗಂಡ ಗಂಜಿ ಲೋಟ ಹಿಡಿದು ನಿಂತಿದ್ದರು. ಹೇಳಿದೆ. ಟೀಚರ್ ನಂಬದವರ ಹಾಗೆ ನನ್ನನ್ನು ನೋಡಿ, ಆಮೇಲೆ ಟೆಕ್ನೀಷಿಯನ್ ಕಡೆ ತಿರುಗಿದರು.

"ಈ ರಕ್ತ ನಂದೇ ತಾನೇ?"

"ನಿಮ್ದೇ ಟೀಚರ್. ನಾನೇ ತಗೊಂಡೋಗಿದ್ದು," ಎಂದರು ಆತ.

ಟೀಚರ್ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇಷ್ಟು ದಿನದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಗಂಡನಿಗೆ ನಮ್ಮ ಮಾತು ಸರಿಯಾಗಿ ಅರ್ಥವಾಗಿರಲಿಲ್ಲ. ಗಂಜಿ ಲೋಟ ಕೆಳಗಿಟ್ಟು, "ಏನಾಯ್ತು? ಹೋಯ್ತಾ?" ಎಂದು ಹೆಂಡತಿಯ ಭುಜ ಹಿಡಿದರು.

"ಉಳೀತಂತೆ ಕಣ್ರೀ," ಎಂದರು ಟೀಚರ್.